ಸತ್ಯಾಂಶ: ಶೇ 20ರಷ್ಟು ವೇಗವನ್ನು ವಿಂಡೋಸ್ ಬಚ್ಚಿಟ್ಟುಕೊಂಡಿಲ್ಲ

ಮೈಕ್ರೋಸಾಫ್ಟ್‌ನ ಹಳೆಯ ಕಂಪ್ಯೂಟರ್ ವ್ಯವಸ್ಥೆಯಾದ ವಿಂಡೋಸ್ ಎಕ್ಸ್‌ಪಿ ಇಂಟರ್ನೆಟ್ ವೇಗದ ಶೇ 20ರಷ್ಟನ್ನು ತನಗಾಗಿ ಕಾಯ್ದಿರಿಸಿಕೊಳ್ಳುತ್ತದೆ, ಒಂದು ಸೆಟ್ಟಿಂಗನ್ನು ಸೊನ್ನೆ ಮಾಡಿದರೆ ಡಯಲ್-ಅಪ್ (ಟೆಲಿಫೋನ್ ತಂತಿಯ ಮೂಲಕ ಪಡೆಯುವ ಇಂಟರ್ನೆಟ್) ಚುರುಕಾಗುತ್ತದೆ ಎಂಬ ಸಂದೇಶ ಒಂದು ಕಾಲದಲ್ಲಿ ಬೆಳಗಾವಿಯ ಮನೆಗಳಲ್ಲೂ ಇಮೇಲ್‌ನಿಂದ ಇಮೇಲ್‌ಗೆ ಸಾಗುತ್ತಿತ್ತು. ಇದು ನಿಜವಲ್ಲ. ಆ ಮಿತಿಯು ಆದ್ಯತೆಯನ್ನು ವಿಶೇಷವಾಗಿ ಕೋರುವ ಪ್ರೋಗ್ರಾಂಗಳಿಗೆ ಮಾತ್ರ ಸಂಬಂಧಿಸಿದ್ದು, ಅವು ಮಾಹಿತಿ ಕಳುಹಿಸದಿರುವಾಗ ಪೂರ್ತಿ ವೇಗ ಉಳಿದವುಗಳಿಗೇ ದೊರೆಯುತ್ತದೆ ಎಂದು ಮೈಕ್ರೋಸಾಫ್ಟ್ ಸ್ಪಷ್ಟಪಡಿಸಿತ್ತು.

ಡಯಲ್-ಅಪ್‌ನ ನಿಧಾನಗತಿಯ ಮೂಲವನ್ನು ಮೊದಲು ಟೆಲಿಫೋನ್ ತಂತಿಯಲ್ಲಿ ಹುಡುಕುವುದು ಒಳ್ಳೆಯದು. ತಂತಿಯಲ್ಲಿ ಗದ್ದಲವಿದ್ದರೆ ಮೋಡೆಮ್ (ಕಂಪ್ಯೂಟರನ್ನು ಟೆಲಿಫೋನ್ ತಂತಿಗೆ ಜೋಡಿಸುವ ಸಾಧನ) ಸಂಪರ್ಕ ಸಾಧಿಸುವಾಗಲೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬೆಳಗಾವಿಯ ಜಡಿಮಳೆಯಲ್ಲಿ ಹೊರಗೋಡೆಯ ಜಾಯಿಂಟಿಗೆ ನೀರಿಳಿದರೂ ಸಾಕು, ಸಂಪರ್ಕ ಪದೇ ಪದೇ ಕಡಿಯಬಹುದು. ಫೋನಿನ ರಿಸೀವರ್ ಎತ್ತಿ, ಒಂದು ಅಂಕಿ ಒತ್ತಿ ಡಯಲ್ ಟೋನ್ ನಿಲ್ಲಿಸಿ ಆಲಿಸಿರಿ. ಕರಕರ ಸದ್ದು ಕೇಳಿಸಿದರೆ, ಅದೇ ಲೈನಿಗೆ ಜೋಡಿಸಿದ ಪಕ್ಕದ ಕೋಣೆಯ ಪ್ಯಾರಲಲ್ ಫೋನನ್ನು ಬಿಚ್ಚಿ, ಉದ್ದನೆಯ ಎಕ್ಸ್‌ಟೆನ್ಶನ್ ತಂತಿಯನ್ನು ತೆಗೆದು, ಮೋಡೆಮನ್ನು ನೇರವಾಗಿ ಮುಖ್ಯ ಸಾಕೆಟ್‌ಗೆ ಜೋಡಿಸಿ ನೋಡಿರಿ. ಆಗಲೂ ಸದ್ದು ಉಳಿದರೆ ದೋಷ ಹೊರಗಿನ ಲೈನಿನಲ್ಲಿರುವ ಸಾಧ್ಯತೆ ಹೆಚ್ಚು. ಟೆಲಿಫೋನ್ ಕಚೇರಿಗೆ ದೂರು ಕೊಡಬೇಕು.

ಡೌನ್‌ಲೋಡ್ ಸೆಕೆಂಡಿಗೆ 5 ಕಿಲೋಬೈಟ್ ತೋರಿಸಿದರೆ ಗಾಬರಿಯಾಗಬೇಕಿಲ್ಲ: 8 ಬಿಟ್‌ಗೆ 1 ಬೈಟ್ ಆಗುವುದರಿಂದ, ಮೊದಲೇ ಕುಗ್ಗಿಸಿದ ಕಡತವನ್ನು ಇಳಿಸುವಾಗ ಸೆಕೆಂಡಿಗೆ 56 ಕಿಲೋಬಿಟ್‌ನ ಮೋಡೆಮ್ ಸೆಕೆಂಡಿಗೆ 7 ಕಿಲೋಬೈಟ್ ಮೀರಲಾರದು.