ವಕೀಲರು ಮಲಗಿದ್ದಾರೆ, ವಿಚಾರಣೆ ಮುಂದುವರಿಯಲಿ

ಅಮೆರಿಕದ ಕೋರ್ಟಿನಲ್ಲಿ ತೂಕಡಿಸಿದ ವಕೀಲರ ಕಥೆಯನ್ನು ಯಾರೋ ಪುಣ್ಯಾತ್ಮರು ಮತ್ತೆ ವಾಟ್ಸಾಪ್‌ಗೆ ಬಿಟ್ಟಿದ್ದಾರೆ. ಕೆಳಗೆ ಕಣ್ಣೀರು ಬರುವಷ್ಟು ನಗುವ ಹಳದಿ ಮುಖಗಳ ಮೆರವಣಿಗೆ. ನಗುವವರು ನಗಲಿ. ಆದರೆ ಈ ಪ್ರಹಸನದಲ್ಲಿ ಮಲಗಿದ ವಕೀಲರದ್ದು ಚಿಕ್ಕ ಪಾತ್ರ. ನಿಜವಾದ ವಿನೋದ ಎಚ್ಚರವಾಗಿದ್ದ ನ್ಯಾಯಮೂರ್ತಿಗಳದ್ದು.

ಹ್ಯೂಸ್ಟನ್, 1984. ಕೊಲೆ ಮೊಕದ್ದಮೆ. ಬಡ ಆರೋಪಿಗೆ ನ್ಯಾಯಾಲಯವೇ ದಯಪಾಲಿಸಿದ ವಕೀಲರು ವಿಚಾರಣೆಯ ನಡುವೆ ಮತ್ತೆ ಮತ್ತೆ ನಿದ್ದೆಗೆ ಜಾರಿದರು. ಇದು ಆರೋಪಿ ಕಟ್ಟಿದ ಕಥೆಯಲ್ಲ. ಜ್ಯೂರಿಯಲ್ಲಿದ್ದವರೂ ಕೋರ್ಟಿನ ಗುಮಾಸ್ತೆಯೂ ಪ್ರಮಾಣ ಮಾಡಿ ಹೇಳಿದ ಮಾತು. ಸುಮಾರು 13 ಗಂಟೆಗಳಲ್ಲಿ ಎಲ್ಲ ಮುಗಿದು ಮರಣದಂಡನೆ ಆಯಿತು. ತಮ್ಮ ಕೇಸುಗಳು ಮಿಂಚಿನ ವೇಗದಲ್ಲಿ ಸಾಗುತ್ತವೆ ಎಂದು ಹೇಳಿಕೊಳ್ಳುವುದು ಆ ವಕೀಲರಿಗೆ ಹೆಮ್ಮೆಯ ವಿಷಯವಾಗಿತ್ತು. ಸಾಗದೇ ಏನು? ಅಡ್ಡ ಹಾಕಬೇಕಾದವರು ಅವರೊಬ್ಬರೇ ತಾನೆ.

ಮೇಲ್ಮನವಿ ಹೋಯಿತು. ಅಲ್ಲಿ ಎದುರಾದದ್ದು ಅದೇ 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಟ್ರಿಕ್‌ಲ್ಯಾಂಡ್ ಪ್ರಕರಣದಲ್ಲಿ ಹಾಕಿಕೊಟ್ಟ ಸೂತ್ರ. ವಕೀಲರು ಕೆಲಸ ಕೆಡಿಸಿದರು ಎಂದರೆ ಸಾಲದು. ಕೆಡಿಸದೇ ಇದ್ದಿದ್ದರೆ ಫಲಿತಾಂಶ ಬೇರೆಯಾಗುವ ಸಂಭವವಿತ್ತು ಎಂದೂ ತೋರಿಸಬೇಕು. ಅಂದರೆ ನಡೆಯದೇ ಹೋದ ವಿಚಾರಣೆಯೊಂದನ್ನು ಜೈಲಿನಲ್ಲಿ ಕುಳಿತು ಕಲ್ಪಿಸಿಕೊಂಡು, ಅದರಲ್ಲಿ ಗೆದ್ದು ಬರಬೇಕು. ಆ ಸೂತ್ರಕ್ಕೆ ಕಾರಣನಾದ ಫ್ಲಾರಿಡಾದ ಕೈದಿಗೆ ತೀರ್ಪಿನ ಎರಡೇ ತಿಂಗಳಲ್ಲಿ ಮರಣದಂಡನೆ ಜಾರಿಯಾಯಿತು.

ಹ್ಯೂಸ್ಟನ್‌ನವನ ಅರ್ಜಿ 2000ದಲ್ಲಿ ಫೆಡರಲ್, ಅಂದರೆ ಕೇಂದ್ರದ, ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದಾಗ ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಘನವಾದ ಸಂದೇಹವೊಂದನ್ನು ಎತ್ತಿದರು: ವಕೀಲರು ಮಲಗಿದ್ದು ನಿಜವಿರಬಹುದು, ಆದರೆ ವಿಚಾರಣೆಯ ಯಾವ ಘಟ್ಟದಲ್ಲಿ ಮಲಗಿದ್ದರು ಎಂಬುದು ದಾಖಲೆಯಲ್ಲಿ ಎಲ್ಲಿದೆ? ಎಂತಹ ಸೂಕ್ಷ್ಮ! ಆಡಿದ ಪ್ರತಿ ಮಾತೂ ಕೋರ್ಟಿನ ದಾಖಲೆಗೆ ಇಳಿಯುತ್ತದೆ, ಆಡದ ಮಾತಿಗೆ ಅಲ್ಲಿ ಜಾಗವಿಲ್ಲ. ತಕರಾರು ಎತ್ತದೆ ಮಲಗಿದ ವಕೀಲರೂ, ತಕರಾರು ಎತ್ತದೆ ಕಣ್ಣು ಬಿಟ್ಟು ಕುಳಿತ ವಕೀಲರೂ ಕಾಗದದ ಮೇಲೆ ಒಂದೇ. ಆದ್ದರಿಂದ ಆರೋಪಿಗಳು ಇನ್ನು ಮುಂದೆ ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದು ಕ್ಷೇಮ. 'ಬೆಳಿಗ್ಗೆ 11.10: ಕತ್ತು ವಾಲಿತು. 11.14: ಮೂರನೇ ಸಾಕ್ಷಿಯ ಪಾಟೀಸವಾಲಿಗೆ ಕರೆ, ಕನಸಿನಲ್ಲಿದ್ದಾರೆ.' ಪ್ರತಿ ಪುಟಕ್ಕೂ ನ್ಯಾಯಾಧೀಶರ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬಾರದು.

ಕುಂಭಕರ್ಣನ ಹೆಸರನ್ನು ನಾವು ಸುಮ್ಮನೆ ಕೆಡಿಸಿದ್ದೇವೆ ಎನ್ನಿಸುತ್ತದೆ. ಲಂಕೆಗೆ ಕಷ್ಟ ಬಂದಾಗ ಭೇರಿ ಬಾರಿಸಿ, ಆನೆ ತುಳಿಸಿ ಎಬ್ಬಿಸಿದರು, ಎದ್ದ. ಎದ್ದವನೇ ಅಣ್ಣನಿಗೆ, ನೀನು ಮಾಡಿದ್ದು ತಪ್ಪು ಎಂದು ಮುಖಕ್ಕೆ ಹೇಳಿದ. ಆಮೇಲೆ ಯುದ್ಧಕ್ಕೂ ಹೋದ. ಒಳ್ಳೆಯ ವಕೀಲನಿಂದ ಇನ್ನೇನು ಬೇಕು? ಹ್ಯೂಸ್ಟನ್‌ನಲ್ಲಿ ಭೇರಿ ಬಾರಿಸುವುದಿರಲಿ, ಮೊಣಕೈಯಿಂದ ತಿವಿಯುವವರೂ ಇರಲಿಲ್ಲ. ಅದೇ ಊರಿನ ಇನ್ನೊಂದು ಕೊಲೆ ಮೊಕದ್ದಮೆಯಲ್ಲಿ ಇನ್ನೊಬ್ಬ ವಕೀಲರು ಮಲಗಿದಾಗ, ಸಂವಿಧಾನವು ವಕೀಲ ಎಚ್ಚರವಾಗಿರಬೇಕು ಎಂದೇನೂ ಹೇಳಿಲ್ಲ ಎಂದು ನ್ಯಾಯಾಧೀಶರೇ ಅಪ್ಪಣೆ ಕೊಡಿಸಿದರು. ಸರಿಯೇ. ಬದುಕಿರಬೇಕು ಎಂದೂ ಹೇಳಿಲ್ಲ.

2001ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಮೊದಲನೆಯವನಿಗೆ ಹೊಸ ವಿಚಾರಣೆಯ ಹಕ್ಕು ಕೊಟ್ಟಿತು, 9-5ರಿಂದ. ಐವರಿಗೆ ಆಗಲೂ ಸಮಾಧಾನವಿರಲಿಲ್ಲ. ಜಾರ್ಜಿಯಾದಲ್ಲಿ ವಿಚಾರಣೆಯ ದಿನಗಳಲ್ಲಿ ರಾತ್ರಿಗೊಂದು ದೊಡ್ಡ ಬಾಟಲಿ ವೋಡ್ಕಾ ಖಾಲಿ ಮಾಡುತ್ತಿದ್ದ ವಕೀಲರ ಕಕ್ಷಿದಾರನಿಗೆ ಅದೃಷ್ಟ ಅಷ್ಟೂ ಇರಲಿಲ್ಲ. 2014ರಲ್ಲಿ ಅವನನ್ನು ಕೊಂದರು.

'ಅಮೆರಿಕದವರ ಹಣೆಬರಹ' ಎಂದು ಕಾಲು ಚಾಚುವ ಮೊದಲು ನಮ್ಮ ಖಂಡ್ವಾ ನೆನಪಿರಲಿ. ಮಧ್ಯಪ್ರದೇಶದ ಆ ಊರಿನಲ್ಲಿ 2013ರಲ್ಲಿ ಆರೋಪಿಗೆ ಸರ್ಕಾರಿ ಖರ್ಚಿನ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪ ನಿಗದಿಯಾಯಿತು, ಎರಡು ವಾರದೊಳಗೆ ಮರಣದಂಡನೆ. 2019ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಇಂತಹ ಪ್ರಕರಣಗಳಲ್ಲಿ ವಕೀಲರಿಗೆ ಸಿದ್ಧತೆಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನವಾದರೂ ಕೊಡಿ ಎಂದಿತು. ಗಣರಾಜ್ಯಕ್ಕೆ ಎಪ್ಪತ್ತು ತುಂಬುವ ಹೊತ್ತಿಗೆ ಒಂದು ವಾರ ಸಿಕ್ಕಿತು.

ನನ್ನ ನಗು ನಿಂತದ್ದು ಮತ್ತೆ ಅಮೆರಿಕದಲ್ಲಿ, ಅರಿಜೋನಾ ರಾಜ್ಯದಲ್ಲಿ. ಅಲ್ಲಿ ಮಗುವೊಂದರ ಕೊಲೆಗೆ ಮರಣದಂಡನೆಯಾದವನ ಮೊದಲ ವಕೀಲರು ವೈದ್ಯಕೀಯ ಸಾಕ್ಷ್ಯವನ್ನು ನೆಟ್ಟಗೆ ತನಿಖೆ ಮಾಡಿಸಲಿಲ್ಲ. ಎರಡನೆಯ ವಕೀಲರು ಆ ದೋಷವನ್ನು ಎತ್ತಲೇ ಇಲ್ಲ. ಮುಂದಿನ ವಕೀಲರು ಪುರಾವೆ ಹುಡುಕಿ ತಂದರು, ಫೆಡರಲ್ ನ್ಯಾಯಾಧೀಶರು ಒಪ್ಪಿದರು. ಸುಪ್ರೀಂ ಕೋರ್ಟಿನಲ್ಲಿ ಸರ್ಕಾರಿ ವಕೀಲರು, ಇಲ್ಲಿ ನಿರಪರಾಧಿತ್ವ ಸಾಲದು ಎಂದು ವಾದಿಸಿದರು. 2022ರ ಮೇ ತಿಂಗಳಲ್ಲಿ 6-3ರಿಂದ ಅವರೇ ಗೆದ್ದರು: ಹೊಸ ಪುರಾವೆ ನೋಡುವಂತಿಲ್ಲ, ಎರಡನೆಯ ವಕೀಲರ ತಪ್ಪು ಕಕ್ಷಿದಾರನದೇ ತಪ್ಪು. ಆ ವಕೀಲರನ್ನು ಅವನು ಸಂತೆಯಲ್ಲಿ ಆರಿಸಿಕೊಂಡು ಬಂದಿದ್ದನೇ? ಇದಕ್ಕೆ ವ್ಯಂಗ್ಯ ಬರೆಯಲು ನನಗೆ ಬರುವುದಿಲ್ಲ. ಇದು ನಾಚಿಕೆಗೇಡು, ಅಷ್ಟೆ.

ಅವನು 2023ರಲ್ಲಿ ಹೊರಗೆ ಬಂದ. ನ್ಯಾಯಾಲಯ ಮನಸ್ಸು ಬದಲಿಸಿ ಬಿಟ್ಟದ್ದಲ್ಲ. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲಿಲ್ಲ ಎಂಬುದನ್ನು ಆಧರಿಸಿದ ಕಡಿಮೆ ದರ್ಜೆಯ ಆರೋಪವನ್ನು ಒಪ್ಪಿಕೊಂಡು, ಸರ್ಕಾರದೊಂದಿಗೆ ರಾಜಿ ಮಾಡಿಕೊಂಡು. ಅದಕ್ಕೆ ವಿಧಿಸಿದ ಶಿಕ್ಷೆ 25 ವರ್ಷ. ಅದಕ್ಕಿಂತ ಹೆಚ್ಚನ್ನು ಅವನು ಆಗಲೇ ಒಳಗೆ ಕಳೆದಾಗಿತ್ತು.