ಯಾರ ಬಲವಂತವೂ ಇಲ್ಲದೆ

ಕಚೇರಿಗಳ ಲೆಕ್ಕಪತ್ರ ವಿಭಾಗದವರು ಬಾಡಿಗೆ ರಸೀದಿ ಕೇಳುವ ಕಾಲ ಮತ್ತೆ ಬಂದಿದೆ. ವರ್ಷವಿಡೀ ಮಹಡಿಯ ಮೇಲೂ ಕೆಳಗೂ ಸೌಹಾರ್ದದಿಂದ ಬದುಕಿದ ಮಾಲೀಕರು ಮತ್ತು ಬಾಡಿಗೆದಾರರು ಈಗ ಮೆಟ್ಟಿಲಲ್ಲಿ ಎದುರಾದರೆ ಮೊಬೈಲ್ ಕಿವಿಗಿಟ್ಟುಕೊಳ್ಳುತ್ತಾರೆ. ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ಮೀರಿದರೆ, ಅದರ ಮೇಲೆ ತೆರಿಗೆ ವಿನಾಯಿತಿ ಕೇಳುವವರು ಮಾಲೀಕರ ಪ್ಯಾನ್ ಸಂಖ್ಯೆ ಒದಗಿಸಬೇಕು. ಇಡೀ ಮನೆಯನ್ನೇ ನಂಬಿ ಒಪ್ಪಿಸಿದ ಮಾಲೀಕರು ಆ ಹತ್ತು ಅಕ್ಷರಗಳನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. "ತಿಂಗಳಿಗೆ 8,300 ಎಂದು ಬೇಕಾದರೆ ಬರೆದುಕೊಡುತ್ತೇನೆ, ಅದರ ಮೇಲೆ ಕೇಳಬೇಡಿ" ಎನ್ನುವ ಉದಾರಿಗಳೂ ಇದ್ದಾರೆ. ಹನ್ನೆರಡು ತಿಂಗಳಿಗೆ 99,600! ಇಂಥ ಗಣಿತಜ್ಞಾನವಿರುವ ಸಮಾಜದಲ್ಲಿ ಮಕ್ಕಳನ್ನು ಟ್ಯೂಷನ್‌ಗೆ ಏಕೆ ಕಳಿಸುತ್ತಾರೋ ತಿಳಿಯದು. ಬಾಡಿಗೆದಾರರೇನೂ ಹರಿಶ್ಚಂದ್ರರಲ್ಲ, ಹೆತ್ತ ತಂದೆಗೆ ಕಾಗದದ ಮೇಲೆ ಮಾತ್ರ ಬಾಡಿಗೆ ಕೊಡುವ ಸುಪುತ್ರರಿಗೆ ನಮ್ಮಲ್ಲಿ ಬರವಿಲ್ಲ.

ಕರಾರು ಪತ್ರದ ಮಹಿಮೆ ಇನ್ನೂ ದೊಡ್ಡದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹೇಳಿದ್ದೇ ತಡ, ಇಡೀ ದೇಶದ ಬಾಡಿಗೆ ಸಂಸಾರ ಹನ್ನೊಂದು ತಿಂಗಳ ಪಂಚಾಂಗಕ್ಕೆ ಬದಲಾಯಿತು. ಮಗು ಹುಟ್ಟಿ, ಶಾಲೆಗೆ ಸೇರಿ, ಹೈಸ್ಕೂಲು ಮುಟ್ಟಿದರೂ ಆ ಕುಟುಂಬ ಕಾನೂನಿನ ಕಣ್ಣಿಗೆ ಸದಾ ಹನ್ನೊಂದು ತಿಂಗಳ ಅತಿಥಿಯೇ.

ಆ ಪತ್ರವನ್ನು ಒಮ್ಮೆಯಾದರೂ ಪೂರ್ತಿ ಓದಿದವರು ಪುಣ್ಯವಂತರು. ಮೊದಲ ಪಾರ್ಟಿ, ಎರಡನೇ ಪಾರ್ಟಿ, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಸೀಲಿಂಗ್ ಫ್ಯಾನ್ 3, ಟ್ಯೂಬ್‌ಲೈಟ್ 4, ಗೀಸರ್ 1, ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಟೈಪಿಂಗ್ ಅಂಗಡಿಯವರ ಕೃಪೆಯಿಂದ ಹಿಂದಿನ ಬಾಡಿಗೆದಾರರ ಹೆಸರು ನಾಲ್ಕನೇ ಪುಟದಲ್ಲಿ ಹಾಗೆಯೇ ಉಳಿದು, ಮನೆ ಬಿಟ್ಟು ಹೋದ ಆ ಪುಣ್ಯಾತ್ಮರು ಈಗಲೂ ನೀರಿನ ಬಿಲ್ಲಿಗೆ ಬದ್ಧರಾಗಿರುತ್ತಾರೆ. ಫ್ಯಾನುಗಳ ಎಣಿಕೆಯಲ್ಲಿ ಇಷ್ಟು ನಿಷ್ಠೆ ತೋರಿದ ಲೇಖನಿ, ಮುಂಗಡ ಹಣವನ್ನು ಹಿಂದಿರುಗಿಸುವ ಜಾಗಕ್ಕೆ ಬಂದೊಡನೆ ಮೌನವ್ರತ ಹಿಡಿಯುತ್ತದೆ: "ಖಾಲಿ ಮಾಡುವಾಗ ಬಡ್ಡಿರಹಿತವಾಗಿ ವಾಪಸು ಕೊಡತಕ್ಕದ್ದು." ಯಾವಾಗ, ಎಷ್ಟು ಕಡಿತದ ನಂತರ ಎಂಬುದು ಬಣ್ಣ ಬಳಿಯುವವನಿಗೂ ಮಾಲೀಕರಿಗೂ ಮಾತ್ರ ಗೊತ್ತು. ಕೊನೆಗೆ, ಇದೆಲ್ಲವನ್ನೂ ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತದಿಂದ ಓದಿ ತಿಳಿದು ಒಪ್ಪಿದ್ದೇವೆ ಎಂದು, ಓದದೆಯೇ ಇಬ್ಬರೂ ರುಜು ಹಾಕುತ್ತಾರೆ.

ಗ್ಯಾಸ್ ಸಂಪರ್ಕಕ್ಕೆ, ಬ್ಯಾಂಕಿಗೆ, ಶಾಲೆಗೆ ಎಲ್ಲಕ್ಕೂ ಈ ಪತ್ರ ನಡೆಯುತ್ತದೆ; ಜಗಳವಾದ ದಿನ ಮಾತ್ರ ಅದನ್ನು ಹಿಡಿದು ಎಲ್ಲಿಗೆ ಹೋಗಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮುಂಗಡವಾಗಿ ಕೊಟ್ಟದ್ದು ಯಾರದೋ ಒಡವೆ ಅಡವಿಟ್ಟು ತಂದ ಹಣ. ಅದನ್ನು ಕೇಳಲು ಸಿವಿಲ್ ನ್ಯಾಯಾಲಯಕ್ಕೆ ಹೋದರೆ ವಕೀಲರ ಶುಲ್ಕಕ್ಕೇ ಅದು ಸಾಲದು ಎಂದು ಮಾಲೀಕರಿಗೆ ಗೊತ್ತು, ಬಾಡಿಗೆದಾರರಿಗೂ ಗೊತ್ತು, ಕಾನೂನು ಮಾಡುವವರಿಗೂ ಗೊತ್ತು. ಬಾಡಿಗೆ ಬಾಕಿ ಉಳಿಸಿ ಬಾಗಿಲಿಗೆ ಬೀಗ ಜಡಿದು ಹೋದವರಿಂದ ನೊಂದ ಮಾಲೀಕರ ಪಾಡೂ ಇಷ್ಟೇ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು, ಕರಾರು ಲಿಖಿತವಾಗಿರಬೇಕು, ತಕರಾರು ಕೇಳಲು ಬಾಡಿಗೆ ಪ್ರಾಧಿಕಾರವಿರಬೇಕು ಎಂಬ ಮಾದರಿ ಬಾಡಿಗೆ ಕಾಯ್ದೆಗೆ ಕೇಂದ್ರ ಸಂಪುಟ 2021ರಲ್ಲೇ ಒಪ್ಪಿಗೆ ಕೊಟ್ಟಿತು. ರಾಜ್ಯಗಳು ತಮ್ಮ ಶಾಸನವಾಗಿ ತಂದರಷ್ಟೇ ಅದಕ್ಕೆ ಜೀವ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವವರ ಮುಂದೆ ಅದನ್ನು ಓದಿ ಹೇಳಿದರೆ, ಬೇರೆ ಮನೆ ನೋಡಿಕೊಳ್ಳಿ ಎನ್ನುತ್ತಾರೆ.

ಆದ್ದರಿಂದ ನ್ಯಾಯ ತೀರ್ಮಾನ ಜನರ ಕೈಯಲ್ಲೇ ಆಗುತ್ತಿದೆ. ಬಿಡುವ ಎರಡು ತಿಂಗಳ ಮೊದಲು ಬಾಡಿಗೆದಾರರು "ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ" ಎನ್ನುತ್ತಾರೆ. ಮಾಲೀಕರ ನೀರಿನ ಮೋಟಾರು ಅಂದೇ ಕೆಡುತ್ತದೆ. ಪಕ್ಕದ ಮನೆಯ ಹಿರಿಯರೊಬ್ಬರು ನಡುವೆ ಕುಳಿತು ಪೇಂಟಿಂಗ್ ಖರ್ಚನ್ನು ಅರ್ಧಕ್ಕಿಳಿಸಿ ಇಬ್ಬರನ್ನೂ ಎಬ್ಬಿಸಿ ಕಳಿಸುತ್ತಾರೆ.