ಇಪ್ಪತ್ನಾಲ್ಕಕ್ಕೇ ಮುಗಿಸಿಬಿಟ್ಟಿರಲ್ಲ ಆ ಮನುಷ್ಯನನ್ನ!

ಶನಿವಾರ ರಾತ್ರಿಯಿಂದ ಒಳಗೊಳಗೇ ಕುದಿಯುತ್ತಿದ್ದೇನೆ. ಇಲ್ಲಿ ಕಕ್ಕದೇ ಹೋದರೆ ಈ ವಾರವೆಲ್ಲ ಹೆಂಡತಿ ಅನುಭವಿಸಬೇಕಾಗುತ್ತದೆ. ಹಾಗಾಗಿ ಉದ್ದ ಬರಹ. ಪುರುಸೊತ್ತಿಲ್ಲದವರು ಮುಂದೆ ಸರಿಯಬಹುದು, ಬೇಜಾರಿಲ್ಲ.

ಮೇ 24, ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹುಟ್ಟಿದ ದಿನ. 2025ರಲ್ಲಿ ಎಂಬತ್ನಾಲ್ಕು ತುಂಬಿತು. ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಇಂದಿರಾನಗರದ ಒಂದು ಪಬ್ಬಿನಲ್ಲಿ ಅವತ್ತು ಅವನ ಹಾಡುಗಳ ಕಾರ್ಯಕ್ರಮ ಇದೆ ಅಂತ ಅಳಿಯ ಎರಡು ಟಿಕೆಟ್ ಕಳಿಸಿದ್ದ. ಅಲ್ಲಿ ನಾನು, ನನ್ನಾಕೆ ಬಿಟ್ಟರೆ ಉಳಿದವರೆಲ್ಲ ನನ್ನ ಮಗಳಿಗಿಂತ ಚಿಕ್ಕವರು. ಒಳಗೆ ಹೋಗುವಾಗ ಬಹಳ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ನಾಲ್ಕು ಹುಡುಗರು. ಒಬ್ಬನ ಕೊರಳಿಗೆ ಹಾರ್ಮೋನಿಕಾ ಸಿಕ್ಕಿಸುವ ತಂತಿ, ತಲೆಗೆ ಮೊದಲನೇ ಆಲ್ಬಂ ಚಿತ್ರದಲ್ಲಿರುವಂಥದೇ ಟೋಪಿ. ಗಿಟಾರ್ ಚೆನ್ನಾಗಿ ನುಡಿಸಿದ, ಅದನ್ನು ಒಪ್ಪಿಕೊಳ್ಳಬೇಕು.

ನಾನು ಹಳೇ ಬ್ಯಾಂಕ್ ಮನುಷ್ಯ, ಲೆಕ್ಕ ಇಡುವ ಚಟ ಹೋಗುವುದಿಲ್ಲ. ಟಿಶ್ಯೂ ಪೇಪರ್ ಮೇಲೆ ಹಾಡು, ಪಕ್ಕದಲ್ಲಿ ಇಸವಿ ಬರೆಯುತ್ತಾ ಹೋದೆ. ಎಂಟು ಹಾಡು ಆಯಿತು. ಎಂಟಕ್ಕೆ ಎಂಟೂ 1962ರಿಂದ 1965ರ ಒಳಗಿನವು! ನಾಲ್ಕು ವರ್ಷದ ಮಾಲು ಅಷ್ಟೇ. 1965ರಲ್ಲಿ ಡಿಲನ್‌ಗೆ ಇಪ್ಪತ್ನಾಲ್ಕು. ಆಮೇಲೆ ಆ ಮನುಷ್ಯ ಅರವತ್ತು ವರ್ಷ ಏನು ಮಾಡಿದ, ಅಂಗಡಿ ಇಟ್ಟುಕೊಂಡಿದ್ದನಾ?

ಒಂಬತ್ತನೇದು ಒಬ್ಬಳು ಹುಡುಗಿಯ ಸರದಿ. ಗಿಟಾರ್ ತಗೊಂಡು ಸ್ಟೂಲ್ ಮೇಲೆ ಕೂತು, ತುಸು ಹೆದರಿಕೊಂಡೇ, "ಇದು 1997ರದ್ದು, ನಾಟ್ ಡಾರ್ಕ್ ಯೆಟ್" ಅಂದಳು. ನಾನು ನೆಟ್ಟಗೆ ಕೂತೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಪಕ್ಕದ ಟೇಬಲ್ಲಿನವರು ವೇಟರ್‌ನ ಕರೆದು ಫ್ರೆಂಚ್ ಫ್ರೈಸ್ ಹೇಳುತ್ತಿದ್ದರು. ಎರಡನೇ ಚರಣಕ್ಕೆ ಅರ್ಧ ಪಬ್ಬು ಮಾತಿಗೆ ಇಳಿದಿತ್ತು. ಮೂರನೇದಕ್ಕೆ ಹಿಂದಿನಿಂದ ಒಬ್ಬ ಕೂಗಿದ: "ನಾಕಿಂಗ್ ಆನ್ ಹೆವೆನ್ಸ್ ಡೋರ್!"

ತಮ್ಮಾ, ಅದು 1973ರಲ್ಲಿ ಒಂದು ಸಿನಿಮಾಕ್ಕೆ ಅಂತ ಬರೆದ ಎರಡೇ ಚರಣದ ಹಾಡು. ಸಿನಿಮಾದಲ್ಲಿ ಗುಂಡೇಟು ತಿಂದ ಒಬ್ಬ ಮುದಿ ಶೆರಿಫ್ ಸಾಯುವಾಗ ಬರುತ್ತದೆ. ಇಲ್ಲಿ ಒಬ್ಬಳು ಸಾವಿನ ಬಗ್ಗೆ ಅದಕ್ಕಿಂತ ಹತ್ತು ಪಟ್ಟು ಆಳದ ಹಾಡು ಹಾಡುತ್ತಿದ್ದಾಳೆ. ಅದನ್ನು ನಿಲ್ಲಿಸಿ ಇದನ್ನು ಹಾಡು ಅಂತೀಯಲ್ಲೋ!

ಎದ್ದು ಹೇಳೋಣ ಅಂತಿದ್ದೆ. "ಸುಮ್ನೆ ಕೂತ್ಕೊಳ್ರೀ" ಅಂತ ಆಕೆ ತೊಡೆ ಚಿವುಟಿದಳು. ಕೂತೆ. ಆಗ ಕೂತಿದ್ದಕ್ಕೇ ಈಗ ಇದನ್ನು ಬರೆಯುತ್ತಿದ್ದೇನೆ.

ಆ ಹುಡುಗರನ್ನೂ ಪೂರ್ತಿ ಬೈಯುವ ಹಾಗಿಲ್ಲ. 2024ರ ಕೊನೆಯಲ್ಲಿ ಡಿಲನ್ ಮೇಲೆ ಸಿನಿಮಾ ಬಂತಲ್ಲ, ತಿಮೊತಿ ಶಾಲಮೇ ನಟಿಸಿದ್ದು, ಅದೂ 1961ರಲ್ಲಿ ಶುರುವಾಗಿ 1965ಕ್ಕೆ ಮುಗಿಯುತ್ತದೆ. ಮಿನೆಸೋಟದ ಗಣಿ ಊರು ಹಿಬ್ಬಿಂಗ್‌ನಿಂದ ಬಂದ ಹುಡುಗ, ನ್ಯೂಯಾರ್ಕಿನ ಚಳಿ, ಆಸ್ಪತ್ರೆಯಲ್ಲಿ ಮಲಗಿದ ಜನಪದ ಗಾಯಕ ವುಡಿ ಗತ್ರಿ, ಕೊನೆಗೆ ನ್ಯೂಪೋರ್ಟ್ ಜನಪದ ಸಂಗೀತ ಉತ್ಸವದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಗಲಾಟೆ. ಚೆಂದದ ಕಥೆ. ಆದರೆ ಅದು ಮೊದಲ ಅಧ್ಯಾಯ ಮಾತ್ರ. 1965 ಮುಗಿಯುವಾಗ ಅವನ ಆಲ್ಬಂಗಳು 6. 2020ರಲ್ಲಿ ಬಂದದ್ದು 39ನೇದು. ಆರು ಪುಟ ಓದಿ ಪುಸ್ತಕ ಮುಚ್ಚಿಟ್ಟು "ಆಹಾ, ಎಂಥ ಪುಸ್ತಕ" ಅನ್ನುವವರಿಗೆ ನಾನು ಏನು ಹೇಳಲಿ?

ಇನ್ನೂ ಒಂದು ತಮಾಷೆ ಕೇಳಿ. 1965ರ ಡಿಲನ್ನೇ ಡಿಲನ್ ಅಂತ ಈಗ ಕುಣಿಯುತ್ತಾರಲ್ಲ, ಆಗಿನವರಿಗೆ ಆ ಡಿಲನ್ ಬೇಡವಾಗಿದ್ದ. 1966ರ ಮೇ 17, ಇಂಗ್ಲೆಂಡಿನ ಮ್ಯಾಂಚೆಸ್ಟರ್. ಕಾರ್ಯಕ್ರಮದ ಮೊದಲರ್ಧ ಒಬ್ಬನೇ ನಿಂತು ಹಾಡಿದ, ಎಲ್ಲರೂ ತೆಪ್ಪಗೆ ಕೇಳಿದರು. ಎರಡನೇ ಅರ್ಧಕ್ಕೆ ಎಲೆಕ್ಟ್ರಿಕ್ ಬ್ಯಾಂಡ್ ಬಂತು, ಜನಪದ ಧಾಟಿಯ ಅಭಿಮಾನಿಗಳಿಗೆ ಅದು ದ್ರೋಹ ಅನಿಸಿತು. ಸಭೆಯಲ್ಲಿ ಒಬ್ಬ "ಜೂಡಾಸ್!" ಅಂತ ಕೂಗಿದ. ಯೇಸುವನ್ನು ಹಿಡಿದುಕೊಟ್ಟವನ ಹೆಸರು. ಡಿಲನ್ "ನಾನು ನಿನ್ನ ಮಾತು ನಂಬೋದಿಲ್ಲ, ನೀನು ಸುಳ್ಳುಗಾರ" ಅಂತ ಹೇಳಿ, ಬ್ಯಾಂಡಿನವರಿಗೆ ಇನ್ನೂ ಜೋರಾಗಿ ನುಡಿಸಲು ಹೇಳಿ 'ಲೈಕ್ ಎ ರೋಲಿಂಗ್ ಸ್ಟೋನ್' ಹಾಡಿದ. ರೆಕಾರ್ಡಿಂಗ್ ಇದೆ, ಕೇಳಿ. ಈಗ ಪಬ್ಬಿನಲ್ಲಿ ಎಲ್ಲರೂ ಗ್ಲಾಸ್ ಎತ್ತಿ ಹಾಡಿದ್ದು ಅದೇ ಹಾಡು.

ಅಂದರೆ 1966ರಲ್ಲಿ ಜನಕ್ಕೆ 1963ರ ಡಿಲನ್ ಬೇಕಿತ್ತು. 1979ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಾಲಾಗಿ 14 ಕಾರ್ಯಕ್ರಮ ಕೊಟ್ಟ. ಆಗಷ್ಟೇ ಕ್ರಿಸ್ತನ ಭಕ್ತಿ ಹತ್ತಿತ್ತು, ಹಾಡಿದ್ದೆಲ್ಲ ಹೊಸ ಭಕ್ತಿಗೀತೆ, ಹಳೇದು ಒಂದೂ ಇಲ್ಲ. ಆಗ ಸಿಟ್ಟಾದವರಿಗೆ ಬೇಕಿದ್ದದ್ದು 1966ರ ಡಿಲನ್. ನೀವು ಯಾವ ವರ್ಷ ಬೇಕಾದರೂ ತಗೊಳ್ಳಿ, ಕೇಳುಗ ಹತ್ತು ವರ್ಷ ಹಿಂದೆ ನಿಂತು ಕೂಗುತ್ತಿರುತ್ತಾನೆ. ಆ ಭಕ್ತಿಯ ಹಾಡುಗಳಲ್ಲಿ ಒಂದಕ್ಕೆ 1980ರಲ್ಲಿ ಗ್ರ್ಯಾಮಿ ಬಂತು ಅನ್ನೋದು ಬೇರೆ ಮಾತು. (ನನಗೂ ಆ ಕಾಲದ ಉಪದೇಶ ಅಷ್ಟು ಹಿಡಿಸಲಿಲ್ಲ. ಆದರೆ ಹಾಡುವಾಗಿನ ಕಂಠ ಕೇಳಿ, ಪ್ರಾಣ ಒತ್ತೆ ಇಟ್ಟವನ ಹಾಗೆ ಹಾಡಿದ್ದಾನೆ.)

ನನಗೆ ಇದು ಯಾಕೆ ಇಷ್ಟು ಚುಚ್ಚುತ್ತದೆ ಅಂತ ಕೇಳಬಹುದು. ಕೇಳಿ, ಹೇಳಿಬಿಡುತ್ತೇನೆ. 1991ರಲ್ಲಿ ಒಂದು ದೀಪಾವಳಿ ವಿಶೇಷಾಂಕದ ಸ್ಪರ್ಧೆಯಲ್ಲಿ ನನ್ನ ಕಥೆಗೆ ಬಹುಮಾನ ಬಂದಿತ್ತು. ಆಗ ಇಪ್ಪತ್ತೈದು ವಯಸ್ಸು. ಆಮೇಲೆ ಎರಡು ಕಥಾಸಂಕಲನ ತಂದೆ, ನಿದ್ದೆಗೆಟ್ಟು ಬರೆದೆ. ಇವತ್ತಿಗೂ ಯಾವ ಮದುವೆಗೆ ಹೋದರೂ "ನೀವು ಆ ಕಥೆ ಬರೆದವರಲ್ವಾ? ಆಮೇಲೆ ಯಾಕೆ ಬರೀಲಿಲ್ಲ?" ಹೋಳಿಗೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಡಿಲನ್ನಿಗೂ ನನಗೂ ಹೋಲಿಕೆ ಮಾಡ್ತಾನೆ ನೋಡಿ ಈ ಮುದುಕ ಅಂತ ನಗಬೇಡಿ. ನಕ್ಕರೂ ಪರವಾಗಿಲ್ಲ.

ಈಗ ನೀವು ಕೇಳುವ ಪ್ರಶ್ನೆ ಗೊತ್ತು. "ಸಾರ್, ಆಮೇಲೆ ಅವನು ಕೆಟ್ಟದ್ದನ್ನೂ ಮಾಡಿದ್ದಾನಲ್ವಾ? ಎಂಬತ್ತರ ದಶಕ?" ಮಾಡಿದ್ದಾನೆ. 1986ರದ್ದು, 1988ರದ್ದು, ಎರಡೂ ಆಲ್ಬಂ ನನ್ನ ಹತ್ತಿರವೂ ಇವೆ, ಧೂಳು ಹೊಡೆಯಲು ಮಾತ್ರ ಕೈಗೆ ತಗೊಳ್ಳುತ್ತೇನೆ. ಅದೇ ಕಾಲದಲ್ಲಿ, 1983ರಲ್ಲಿ, 'ಬ್ಲೈಂಡ್ ವಿಲ್ಲಿ ಮೆಕ್‌ಟೆಲ್' ಅಂತ ಒಂದು ಹಾಡು ರೆಕಾರ್ಡ್ ಮಾಡಿ, ಆಲ್ಬಮ್ಮಿಗೆ ಸೇರಿಸದೆ ಇಟ್ಟುಬಿಟ್ಟ. ಅದು ಅಧಿಕೃತವಾಗಿ ಹೊರಗೆ ಬಂದದ್ದು 1991ರಲ್ಲಿ. ಬೇರೆಯವರು ಅದೊಂದನ್ನೇ ಬರೆದಿದ್ದರೆ ಜನ್ಮ ಸಾರ್ಥಕ ಅಂತ ಕೂತುಬಿಡುತ್ತಿದ್ದರು. 1987ರ ಹೊತ್ತಿಗೆ ತಾನು ಮುಗಿದೆ, ಒಳಗೆ ಏನೂ ಉಳಿದಿಲ್ಲ ಅನಿಸಿತ್ತು ಅಂತ 2004ರ ಆತ್ಮಕಥೆಯಲ್ಲಿ ಅವನೇ ಬರೆದುಕೊಂಡಿದ್ದಾನೆ. ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಜೊತೆ ತಾಲೀಮು ನಡೆಯುತ್ತಿರುವಾಗ, ಅವರು ಕೇಳಿದ ಹಳೇ ಹಾಡು ಹಾಡಲಾಗದೆ, ಏನೋ ನೆಪ ಹೇಳಿ ಎದ್ದು ಹೋಗುತ್ತಾನೆ. ಸುಮ್ಮನೆ ಬೀದಿಯಲ್ಲಿ ನಡೆದು ಒಂದು ಸಣ್ಣ ಬಾರಿಗೆ ಹೋಗುತ್ತಾನೆ. ಅಲ್ಲೊಬ್ಬ ಮುದಿ ಜಾಝ್ ಗಾಯಕ ಹಾಡುತ್ತಿರುತ್ತಾನೆ. ಅವನು ಎಲ್ಲಿಂದ ದನಿ ತೆಗೆಯುತ್ತಿದ್ದಾನೆ ಅನ್ನೋದನ್ನು ನೋಡಿ ತನಗೆ ಮತ್ತೆ ಹಾಡುವ ದಾರಿ ಸಿಕ್ಕಿತು ಅಂತ ಬರೆಯುತ್ತಾನೆ. ಆ ಪುಸ್ತಕದಲ್ಲಿ ಎಷ್ಟು ನಿಜ, ಎಷ್ಟು ಕಟ್ಟಿದ್ದು ಅಂತ ಅಭಿಮಾನಿಗಳು ಇನ್ನೂ ಜಗಳ ಆಡುತ್ತಾರೆ. ನನಗೆ ಅದು ಬೇಕಾಗಿಲ್ಲ. 1988ರ ಜೂನ್ 7ರಂದು ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ವೇದಿಕೆ ಹತ್ತಿದವನು ಆಮೇಲೆ, ಕೊರೊನಾ ಕಾಲ ಬಿಟ್ಟರೆ, ಇಳಿದೇ ಇಲ್ಲ ಅನ್ನೋದು ಮಾತ್ರ ಲೆಕ್ಕಕ್ಕೆ ಸಿಗುವ ವಿಷಯ. 3000 ಕಾರ್ಯಕ್ರಮ ಎಂದೋ ದಾಟಿತು. 2025ರ ಮೇ ತಿಂಗಳಲ್ಲೂ ಹಾಡುತ್ತಿದ್ದ, ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಜೊತೆ. ನೆಲ್ಸನ್‌ಗೆ ಆಗ 92! ನನಗೆ ಎರಡನೇ ಮಹಡಿ ಹತ್ತಿದರೆ ಮಂಡಿ ನೋಯುತ್ತದೆ.

ಆ ಹುಡುಗಿ ಹಾಡಿದ ಹಾಡು ಬಂದ ಆಲ್ಬಂ 'ಟೈಮ್ ಔಟ್ ಆಫ್ ಮೈಂಡ್'. ಅದು ಬಂದಾಗ ಅವನಿಗೆ ಐವತ್ತಾರು. ಆ ವರ್ಷದ ಮೇ ತಿಂಗಳಲ್ಲಿ ಎದೆಯ ಸೋಂಕಾಗಿ ಆಸ್ಪತ್ರೆ ಸೇರಿದ್ದ, ಹೋಗೇಬಿಟ್ಟ ಅಂದುಕೊಂಡಿದ್ದರು. ಸೆಪ್ಟೆಂಬರ್‌ನಲ್ಲಿ ಆಲ್ಬಂ ಬಂದಾಗ ಎಲ್ಲರೂ ಇದು ಸಾವಿನ ಮನೆ ಬಾಗಿಲು ನೋಡಿ ಬಂದವನ ಹಾಡು ಅಂದರು. ಆದರೆ ರೆಕಾರ್ಡಿಂಗ್ ಕಾಯಿಲೆಗೆ ಮುಂಚೆಯೇ ಆಗಿತ್ತು. ಕತ್ತಲೆ ಇನ್ನೂ ಆಗಿಲ್ಲ, ಆಗುತ್ತಾ ಇದೆ ಅಂತ ಹಾಡುತ್ತಾನಲ್ಲ, ಅದಕ್ಕೆ ಯಾವ ಆಸ್ಪತ್ರೆಯೂ ಬೇಕಿರಲಿಲ್ಲ. ಐವತ್ತು ದಾಟಿದ ಯಾರಿಗಾದರೂ ಸಂಜೆ ಐದೂವರೆಗೆ ಸುಮ್ಮನೆ ಕೂತಾಗ ಗೊತ್ತಾಗುತ್ತದೆ ಅದು. ಇಪ್ಪತ್ನಾಲ್ಕರ ಹುಡುಗ, ಎಷ್ಟೇ ಮೇಧಾವಿ ಆಗಿರಲಿ, ಅದನ್ನು ಬರೆಯಲು ಸಾಧ್ಯವೇ ಇಲ್ಲ. ಮರುವರ್ಷ ಅದಕ್ಕೆ ವರ್ಷದ ಆಲ್ಬಂ ಅಂತ ಗ್ರ್ಯಾಮಿ ಬಂತು. ಆ ಸಮಾರಂಭದಲ್ಲಿ ಇವನು ಹಾಡುವಾಗ ಅಂಗಿ ಬಿಚ್ಚಿದ ಒಬ್ಬ ಎದೆ ಮೇಲೆ ಏನೋ ಬರೆದುಕೊಂಡು ಪಕ್ಕಕ್ಕೆ ಬಂದು ಕುಣಿಯತೊಡಗಿದ. ಡಿಲನ್ ಒಂದು ಸಲ ಹುಬ್ಬೇರಿಸಿ ನೋಡಿ ಗಿಟಾರ್ ನುಡಿಸುತ್ತಲೇ ಇದ್ದ, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರೋ ಬಂದು ಕೂತ ಹಾಗೆ.

2016ರಲ್ಲಿ ನೊಬೆಲ್ ಬಂದಾಗ ಇದೇ ಫೇಸ್‌ಬುಕ್‌ನಲ್ಲಿ "ಹಾಡು ಸಾಹಿತ್ಯ ಆಗುತ್ತಾ?" ಅಂತ ಕಿತ್ತಾಡಿದ್ದು ನೆನಪಿದೆಯಾ? ದಾಸರ ಪದ, ಶರೀಫರ ತತ್ವಪದ ಕೇಳಿ ಬೆಳೆದ ನಾವು! ಇರಲಿ, ಅದು ಹಳೇ ಜಗಳ. ನನಗೆ ಉರಿದದ್ದು ಬೇರೆ. ಹೊಗಳಿದವರು, ಬೈದವರು, ಇಬ್ಬರೂ ಸಾಕ್ಷಿಗೆ ಅಂತ ಹಂಚಿಕೊಂಡದ್ದು ಒಂದೇ ಹಾಡು, 'ಬ್ಲೋಯಿನ್ ಇನ್ ದ ವಿಂಡ್'. 1963. ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಸಮಾರಂಭದಲ್ಲಿ ಅವನ ಪರವಾಗಿ ಗಾಯಕಿ ಪ್ಯಾಟಿ ಸ್ಮಿತ್ ಹಾಡಿದ್ದೂ ಅದೇ ವರ್ಷದ ಆಲ್ಬಮ್ಮಿನದು. ನಡುವೆ ಸಾಲು ತಪ್ಪಿ, ಕ್ಷಮೆ ಕೇಳಿ, ಮತ್ತೆ ಹಾಡಿದಳು. ಆ ಗಳಿಗೆಗಾಗಿ ಅವಳಿಗೆ ಮಾಫಿ.

ಸರಿ, ಇಷ್ಟೆಲ್ಲ ಬಾಯಿ ಮಾಡುತ್ತಿದ್ದೇನಲ್ಲ, ಈಗ ನನ್ನ ತಪ್ಪೊಪ್ಪಿಗೆ.

2023ರ ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಚಿಕಾಗೋಕ್ಕೆ ಹೋಗಿದ್ದೆ. ಕ್ಯಾಡಿಲಾಕ್ ಪ್ಯಾಲೇಸ್ ಥಿಯೇಟರಿನಲ್ಲಿ ಡಿಲನ್ ಮೂರು ದಿನ ಹಾಡುತ್ತಿದ್ದ. ಮಗಳು ಎರಡು ಟಿಕೆಟ್ ತಂದಳು, ಬೆಲೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾಗಿಲಲ್ಲೇ ಫೋನುಗಳನ್ನು ಚೀಲಕ್ಕೆ ಹಾಕಿ ಬೀಗ ಹಾಕಿ ನಮ್ಮ ಕೈಗೇ ಕೊಟ್ಟರು. ಮಂದ ಬೆಳಕು. ಪಿಯಾನೋ ಹಿಂದೆ ಒಂದು ತಲೆ. ಜನರ ಜೊತೆ ಮಾತು ಇಲ್ಲವೆಂದರೂ ನಡೆಯುತ್ತದೆ. ಹೊಸ ಆಲ್ಬಮ್ಮಿನ ಹಾಡೇ ಜಾಸ್ತಿ. ನಡುನಡುವೆ ಬಂದ ಹಳೇವೂ ಗುರುತು ಸಿಗುತ್ತಿಲ್ಲ. 'ವೆನ್ ಐ ಪೇಂಟ್ ಮೈ ಮಾಸ್ಟರ್‌ಪೀಸ್' ಮನೆಯಲ್ಲಿ ನೂರು ಸಲ ಕೇಳಿದ್ದೇನೆ, ಮೂರನೇ ಸಾಲಿಗೆ ಬರುವವರೆಗೂ ಅದೇ ಅಂತ ತಿಳಿಯಲಿಲ್ಲ. ಧಾಟಿ ಬೇರೆ, ತಾಳ ಬೇರೆ. ಮೂವತ್ತು ವರ್ಷ ಕಾದು ಬಂದದ್ದು ಇದಕ್ಕಾ ಅನಿಸಿತು. ಕಾರಿನಲ್ಲಿ ಕೂತ ಮೇಲೆ "ದುಡ್ಡು ದಂಡ, ಒಂದಾದರೂ ಹಾಡು ಸರಿಯಾಗಿ ಹಾಡಬಾರದಿತ್ತಾ" ಅಂದೆ.

ಮಗಳು ಗಾಡಿ ಓಡಿಸುತ್ತಾ ರಸ್ತೆ ನೋಡಿಕೊಂಡೇ ಹೇಳಿದಳು: "ಅಪ್ಪಾ, ನಾನು ಸಣ್ಣವಳಿದ್ದಾಗ ಮನ್ಸೂರರ ಕ್ಯಾಸೆಟ್ ಹಾಕಿ ನೀವೇ ಹೇಳ್ತಿದ್ರಲ್ಲ, ಧಾರವಾಡದಲ್ಲಿ ಎದುರಿಗೆ ಕೂತು ಕೇಳಿದಾಗ ಅದೇ ರಾಗ ಪೂರ್ತಿ ಬೇರೆ ಆಗಿತ್ತು ಅಂತ. ಅಂಥಾ ಅದೃಷ್ಟ ಯಾರಿಗೂ ಇಲ್ಲ ಅಂತ ಜಂಬ ಕೊಚ್ಚಿಕೊಳ್ತಿದ್ರಿ. ಇವನು ಮಾಡಿದ್ರೆ ದುಡ್ಡು ದಂಡನಾ?"

ಮನೆ ಬರುವವರೆಗೂ ನಾನು ಮಾತಾಡಲಿಲ್ಲ. ನಿಜ ತಾನೇ? ಮಲ್ಲಿಕಾರ್ಜುನ ಮನ್ಸೂರರು ಎಪ್ಪತ್ತು ದಾಟಿದ ಮೇಲೆ ಹಾಡಿದ್ದನ್ನು ಕೇಳಲು ನಾವು ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆವು. "ಹರೆಯದಲ್ಲಿ ಹಾಡಿದ ಹಾಗೇ ಹಾಡ್ರಿ" ಅಂತ ಯಾರೂ ಕೂಗಲಿಲ್ಲ. ಗಂಗೂಬಾಯಿ ಹಾನಗಲ್ಲರು 2006ರಲ್ಲಿ, 93ನೇ ವಯಸ್ಸಿನಲ್ಲಿ, ಕಚೇರಿ ಕೊಟ್ಟರು. ಅವರ ಗಡಸು ದನಿಗೆ "ಕಂಠ ಹೋಗಿದೆ" ಅಂದವರನ್ನು ಹುಬ್ಬಳ್ಳಿಯಲ್ಲಿ ಯಾರೂ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಚೇರಿಯಲ್ಲಿ ಕೂತು ಕಿವಿ ಪಳಗಿದ ನಾನೇ ಒಬ್ಬ ಎಂಬತ್ತೆರಡರ ಹಾಡುಗಾರನ ಎದುರು ಕೂತು ರೆಕಾರ್ಡಿನ ಧಾಟಿ ಹುಡುಕುತ್ತಿದ್ದೆ. ಮ್ಯಾಂಚೆಸ್ಟರಿನಲ್ಲಿ ಕೂಗಿದವನಿಗೆ ಕಡೇಪಕ್ಷ ಧೈರ್ಯ ಇತ್ತು. ನಾನು ಕಾರಿನಲ್ಲಿ ಕೂತು ಗೊಣಗಿದೆ, ಅಷ್ಟೇ ವ್ಯತ್ಯಾಸ.

ಆಮೇಲೆ ಒಬ್ಬನೇ ನಿದ್ದೆ ಬಾರದೆ ಕೂತಾಗ ನೆನಪಾದದ್ದು ಕೊನೆಯ ಹಾಡು, 'ಎವ್ರಿ ಗ್ರೇನ್ ಆಫ್ ಸ್ಯಾಂಡ್'. ಅದು 1981ರದ್ದು. ಸಾಲಿನ ಕೊನೆಯ ಪದವನ್ನು ಬೇಗ ಬಿಡದೆ, ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡ ಹಾಗೆ ಹಿಡಿದು, ಆಮೇಲೆ ಮೆಲ್ಲಗೆ ಬಿಟ್ಟಿದ್ದ. ಆಗ ಸಭೆಯಲ್ಲಿ ಒಬ್ಬರೂ ಕೆಮ್ಮಿರಲಿಲ್ಲ. ಸಿಟ್ಟಿನಲ್ಲಿದ್ದ ನನಗೆ ಅದು ಅಲ್ಲಿ ಕೇಳಿಸಿಯೇ ಇರಲಿಲ್ಲ, ಮಗಳ ಮನೆಯ ಅಡುಗೆಮನೆಯಲ್ಲಿ ನೀರು ಕುಡಿಯುವಾಗ ಕೇಳಿಸಿತು.

ಸರಿ, ಪಬ್ಬಿಗೆ ವಾಪಸ್. ಹುಡುಗಿ ಹಾಡು ಮುಗಿಸಿದಳು. ನಾಲ್ಕೈದು ಚಪ್ಪಾಳೆ, ಅದರಲ್ಲಿ ಎರಡು ನಮ್ಮವು. ಎಲ್ಲ ಮುಗಿದ ಮೇಲೆ ಗಿಟಾರ್ ಚೀಲಕ್ಕೆ ಹಾಕುತ್ತಿದ್ದವಳ ಹತ್ತಿರ ಹೋದೆ. "ಇವತ್ತು ಇಲ್ಲಿ ಡಿಲನ್ ಹಾಡಿದ್ದು ನೀನೊಬ್ಬಳೇ ಕಣಮ್ಮ" ಅಂದೆ. ಅವಳಿಗೆ ಬಹಳ ಖುಷಿಯಾಯಿತು. "ಥ್ಯಾಂಕ್ಸ್ ಅಂಕಲ್. ನಿಮಗೆ ಯಾವುದು ಇಷ್ಟ ಹೇಳಿ, ನಿಮಗೋಸ್ಕರ ಒಂದು ಹಾಡ್ತೀನಿ, ಮೈಕ್ ಇಲ್ಲದೇ ಪರವಾಗಿಲ್ಲ ಅಲ್ವಾ?"

1975ರ 'ಬ್ಲಡ್ ಆನ್ ದ ಟ್ರ್ಯಾಕ್ಸ್' ಇತ್ತು. 2001ರದ್ದು ಇತ್ತು. 2020ರ ಹದಿನೇಳು ನಿಮಿಷದ್ದು ಇತ್ತು, ಅಷ್ಟು ಹೊತ್ತು ಬೇಡವೆಂದರೂ ಬೇಕಾದಷ್ಟು ಇದ್ದವು. ನನ್ನ ಬಾಯಿಂದ ಬಂದದ್ದು "ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್".

"1965," ಅಂತ ಹೇಳಿ ಅವಳು ನಕ್ಕಳು. ಹೆಂಡತಿ ಇನ್ನೂ ಜೋರಾಗಿ ನಕ್ಕಳು. ಆಟೋದವನು ಹೊರಗಿನಿಂದ ಎರಡು ಸಲ ಫೋನ್ ಮಾಡಿದ. ಹುಡುಗಿ ಮತ್ತೆ ಗಿಟಾರ್ ಹೊರಗೆ ತೆಗೆದಳು. ನಾಲ್ಕೂ ಚರಣ ಹಾಡಿದಳು, ಒಂದನ್ನೂ ಬಿಡದೆ.